ಬೆಲ್ಟಿನ ಮೇಲೆ ಬೀಳುವ ಮರಳು, ಲೆಕ್ಕಕ್ಕೆ ಸಿಗದ 9 ವಾಟ್: ನಾನು ಫಿಸಿಕ್ಸ್ ತಗೊಳ್ಳಲಾ, ಮ್ಯಾಥ್ಸ್ ತಗೊಳ್ಳಲಾ?

ಸುಂಕದಕಟ್ಟೆ ಹುಡುಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ. ನಾಲ್ಕನೇ ಸೆಮಿಸ್ಟರ್. ಫಿಸಿಕ್ಸ್, ಮ್ಯಾಥ್ಸ್ ಎರಡೂ ಇವೆ. ಐದನೇ ಸೆಮಿಸ್ಟರಿಗೆ ಇವೆರಡರಲ್ಲಿ ಒಂದನ್ನು ಮುಖ್ಯ ವಿಷಯವಾಗಿ ಆರಿಸಿಕೊಂಡು ಕಾಲೇಜಿಗೆ ಫಾರಂ ಕೊಡಬೇಕು. ನನ್ನ ಹತ್ತಿರ ಎರಡು ಪ್ರಶ್ನೆ ಇವೆ. ಒಂದು ಲೆಕ್ಕದ್ದು, ಇನ್ನೊಂದು ನನ್ನದು. ಒಂದನ್ನು ಬಿಟ್ಟು ಇನ್ನೊಂದನ್ನು ಕೇಳಲು ಆಗುತ್ತಿಲ್ಲ.

ಮೊದಲು ಲೆಕ್ಕ. ಒಂದು ಕನ್ವೇಯರ್ ಬೆಲ್ಟ್, ನೆಲಕ್ಕೆ ಸಮವಾಗಿ ಓಡುತ್ತಿದೆ. ವೇಗ ಸೆಕೆಂಡಿಗೆ 3 ಮೀಟರ್. ಮೇಲಿಂದ ನೇರವಾಗಿ ಮರಳು ಬೀಳುತ್ತಿದೆ, ಸೆಕೆಂಡಿಗೆ 2 ಕೆ.ಜಿ. ಬೆಲ್ಟಿನ ವೇಗ ಕಡಿಮೆಯಾಗಬಾರದು ಅಂದರೆ ಮೋಟರ್ ಎಷ್ಟು ಹೆಚ್ಚುವರಿ ಪವರ್ ಕೊಡಬೇಕು? ಪ್ರತಿ ಸೆಕೆಂಡಿಗೆ 2 ಕೆ.ಜಿ. ಮರಳಿಗೆ 3 ಮೀಟರ್ ವೇಗ ಬರಬೇಕು, ಹಾಗಾಗಿ ಬಲ 6 ನ್ಯೂಟನ್. ಅದನ್ನು ವೇಗದಿಂದ ಗುಣಿಸಿದರೆ 18 ವಾಟ್. ಪುಸ್ತಕದ ಹಿಂದೆ ಕೊಟ್ಟಿರುವ ಉತ್ತರವೂ 18 ವಾಟ್.

ಆಮೇಲೆ ಸುಮ್ನೆ ಶಕ್ತಿಯ ಕಡೆಯಿಂದ ಮಾಡಿ ನೋಡಿದೆ. ಮರಳಿಗೆ ಪ್ರತಿ ಸೆಕೆಂಡಿಗೆ ಸಿಗುವ ಚಲನ ಶಕ್ತಿ ಅರ್ಧ ಎಂ ವಿ ಸ್ಕ್ವೇರ್, ಅಂದರೆ 9 ಜೂಲ್. ಮೋಟರ್ ಕೊಟ್ಟಿದ್ದು 18. ಇನ್ನು 9 ಎಲ್ಲಿ? ಮರಳು ಮೇಲಿಂದ ಬೀಳುವಾಗಿನ ಶಕ್ತಿ ಬೇರೆ, ಅದು ಮೋಟರಿನಿಂದ ಬಂದಿದ್ದಲ್ಲ. ಅದನ್ನು ಸೇರಿಸದೆಯೇ ಲೆಕ್ಕ ಮಾಡಿದ್ದೇನೆ.

ಕ್ಲಾಸಿನಲ್ಲಿ ಕೇಳಿದೆ. "ಘರ್ಷಣೆಗೆ ಹೋಗುತ್ತೆ" ಅಂದರು, ಮುಂದಿನ ಪಾಠಕ್ಕೆ ಹೋದರು. ಘರ್ಷಣೆಗೆ ಹೋಗುತ್ತದೆ ಅನ್ನುವುದನ್ನು ಒಪ್ಪುತ್ತೇನೆ. ನನ್ನ ಸೋದರಮಾವ ಜಿಗಣಿ ಕಡೆ ಒಂದು ಎಂ-ಸ್ಯಾಂಡ್ ಕ್ರಷರಿನಲ್ಲಿ ಕೆಲಸ ಮಾಡುತ್ತಾರೆ. ಅಲ್ಲಿ ಪುಡಿ ಬೆಲ್ಟಿಗೆ ಬಿದ್ದ ಕೂಡಲೇ ಸ್ವಲ್ಪ ದೂರ ಜಾರುವುದನ್ನು ಕಣ್ಣಾರೆ ನೋಡಿದ್ದೇನೆ. ಆದರೆ ಸರಿಯಾಗಿ ಅರ್ಧ ಯಾಕೆ? ಒರಟು ಬೆಲ್ಟ್ ಆದರೆ ಒಂದು ಥರ, ನುಣುಪಾದ ಬೆಲ್ಟ್ ಆದರೆ ಇನ್ನೊಂದು ಥರ ಆಗಬೇಕಲ್ವಾ? ಉತ್ತರದಲ್ಲಿ ಘರ್ಷಣಾಂಕವೇ (ಮೇಲ್ಮೈ ಎಷ್ಟು ಒರಟು ಎಂದು ಹೇಳುವ ಸಂಖ್ಯೆ) ಬರುವುದಿಲ್ಲ. ಅದು ನನಗೆ ನಿದ್ದೆ ಬಿಡಿಸಿದೆ.

ಇನ್ನೂ ಒಂದು. ಅದೇ ವಾರ ಕೆಪಾಸಿಟರ್ (ವಿದ್ಯುತ್ ತುಂಬಿಟ್ಟುಕೊಳ್ಳುವ ಸಾಧನ) ಲೆಕ್ಕ ಬಂತು. ಬ್ಯಾಟರಿಯಿಂದ ರೆಸಿಸ್ಟರ್ ಮೂಲಕ ಕೆಪಾಸಿಟರ್ ಚಾರ್ಜ್ ಮಾಡಿದರೆ ಬ್ಯಾಟರಿ ಕೊಟ್ಟ ಶಕ್ತಿಯಲ್ಲಿ ಅರ್ಧ ಮಾತ್ರ ಕೆಪಾಸಿಟರಿಗೆ ಸೇರುತ್ತದೆ. ಇನ್ನರ್ಧ ರೆಸಿಸ್ಟರಿನಲ್ಲಿ ಬಿಸಿ. ಅಲ್ಲಿಯೂ ರೆಸಿಸ್ಟರ್ ಎಷ್ಟು ಓಮ್ ಅನ್ನುವುದು ಉತ್ತರದಲ್ಲಿ ಇಲ್ಲ. ಇವೆರಡೂ ಒಂದೇನಾ?

ಈಗ ನನ್ನ ಪ್ರಶ್ನೆ. ಮ್ಯಾಥ್ಸಿನಲ್ಲಿ ನನಗೆ ಅಂಕ ಜಾಸ್ತಿ. ಪರೀಕ್ಷೆಯ ಹಾಲ್‌ನಲ್ಲಿ ಟೈಮ್ ಉಳಿಯುತ್ತದೆ. ಫಿಸಿಕ್ಸಿನಲ್ಲಿ ಹಾಗಲ್ಲ. ಒಂದೊಂದು ಲೆಕ್ಕಕ್ಕೆ ಒಂದಿಡೀ ಸಂಜೆ ಹೋಗುತ್ತದೆ. ಗೆಳತಿಯರು ಅಷ್ಟರಲ್ಲಿ ಅಧ್ಯಾಯ ಮುಗಿಸಿರುತ್ತಾರೆ. ಹತ್ತನೇ ಕ್ಲಾಸಿನವರೆಗೂ ಕುಣಿಗಲ್ ಹತ್ತಿರದ ಹಳ್ಳಿಯಲ್ಲಿ ಕನ್ನಡ ಮೀಡಿಯಂ ಓದಿದವಳು ನಾನು. ಈಗಲೂ ಇಂಗ್ಲಿಷಿನಲ್ಲಿ ಕೊಟ್ಟ ಲೆಕ್ಕವನ್ನು ಮೊದಲು ಕನ್ನಡದಲ್ಲಿ ಹೇಳಿಕೊಂಡು, ಚಿತ್ರ ಬರೆದುಕೊಂಡು ಮಾಡುತ್ತೇನೆ. ಅಮ್ಮ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಾರೆ. "ನಿನಗೆ ಯಾವುದು ಸರಿ ಅನ್ಸುತ್ತೋ ಅದು ಓದು, ಆದ್ರೆ ಕೊನೆಗೊಂದು ಕೆಲಸ ಸಿಗಬೇಕು" ಅಂತ ಅಷ್ಟೇ ಅವರ ಮಾತು. ಅದು ನ್ಯಾಯವಾದ ಮಾತು.

ಇಷ್ಟು ನಿಧಾನ ಇರುವವಳು ಫಿಸಿಕ್ಸ್ ತಗೊಳ್ಳಬಹುದಾ? ಅಥವಾ ಅಂಕ ಬರುವ ಮ್ಯಾಥ್ಸೇ ಸರಿಯಾ?


ಬಸವನಗುಡಿ ನಿವೃತ್ತ ಮೇಷ್ಟ್ರು

ನೋಡಮ್ಮ, ಮೊದಲು ನಿನ್ನ 9 ವಾಟ್ ಹುಡುಕೋಣ. ಆಮೇಲೆ ಉಳಿದ ಮಾತು.

1 ಕೆ.ಜಿ. ಮರಳು ತಗೋ. ಘರ್ಷಣಾಂಕ 0.5 ಅಂತ ಇಟ್ಟುಕೋ. ಬಲ 4.9 ನ್ಯೂಟನ್, ವೇಗೋತ್ಕರ್ಷ 4.9. ವೇಗ ಸೊನ್ನೆಯಿಂದ 3 ಆಗಲು 0.61 ಸೆಕೆಂಡ್ ಬೇಕು. ಅಷ್ಟು ಹೊತ್ತಿನಲ್ಲಿ ಮರಳು ಸಾಗುವ ದೂರ 0.92 ಮೀಟರ್. ಬೆಲ್ಟ್ ಮಾತ್ರ ಪೂರಾ ವೇಗದಲ್ಲೇ ಓಡುತ್ತಿದೆ, ಅದು ಸಾಗುವುದು 1.84 ಮೀಟರ್. ಎರಡರ ಮೇಲೂ ಅದೇ 4.9 ನ್ಯೂಟನ್ ಬಲ. ದೂರ ಮಾತ್ರ ಒಂದಕ್ಕೆ ಎರಡರಷ್ಟು. ಹಾಗಾಗಿ ಬೆಲ್ಟ್ ಮಾಡಿದ ಕೆಲಸ 9 ಜೂಲ್, ಮರಳಿಗೆ ಸಿಕ್ಕಿದ್ದು 4.5 ಜೂಲ್. ನಡುವಿನ 0.92 ಮೀಟರ್ ಜಾರಿಕೆಯಲ್ಲಿ ಉಳಿದ 4.5 ಜೂಲ್ ಬಿಸಿಯಾಯಿತು.

ಈಗ ಘರ್ಷಣಾಂಕವನ್ನು ಅರ್ಧ ಮಾಡು, 0.25. ಬಲವೂ ಅರ್ಧ. ಆದರೆ ವೇಗ ಬರಲು ಎರಡರಷ್ಟು ಹೊತ್ತು, 1.22 ಸೆಕೆಂಡ್. ಜಾರುವ ದೂರವೂ ಎರಡರಷ್ಟು. ಬಲ ಅರ್ಧ, ದೂರ ಎರಡರಷ್ಟು, ಗುಣಿಸಿದರೆ ಮತ್ತೆ ಅದೇ 4.5. ನುಣುಪಾದ ಬೆಲ್ಟಿನಲ್ಲಿ ಮರಳು ಮೆಲ್ಲಗೆ, ದೂರದವರೆಗೆ ಜಾರುತ್ತದೆ. ಒರಟು ಬೆಲ್ಟಿನಲ್ಲಿ ಬೇಗ, ಹತ್ತಿರದಲ್ಲೇ ನಿಲ್ಲುತ್ತದೆ. ಖರ್ಚು ಒಂದೇ. ಘರ್ಷಣಾಂಕ ಸಮಯವನ್ನು ಬದಲಿಸುತ್ತದೆ, ಶಕ್ತಿಯನ್ನಲ್ಲ.

ನನಗೆ ಇದಕ್ಕಿಂತ ಇಷ್ಟವಾದ ದಾರಿ ಇನ್ನೊಂದಿದೆ. ನೀನೇ ಬೆಲ್ಟಿನ ಮೇಲೆ ಕೂತಿದ್ದೀಯ ಅಂದುಕೋ. ನಿನಗೆ ಬೆಲ್ಟ್ ನಿಂತಿದೆ. ಮರಳೇ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹಿಂದಕ್ಕೆ ಹಾರಿ ಬರುತ್ತಿದೆ. ಬಂದು, ಜಾರಿ, ನಿಂತುಬಿಡುತ್ತದೆ. ಅದರ ಚಲನ ಶಕ್ತಿ ಪೂರ್ತಿ ಹೋಯಿತು. 1 ಕೆ.ಜಿ.ಗೆ 4.5 ಜೂಲ್. ನೆಲದ ಮೇಲೆ ನಿಂತವನು ನೋಡಲಿ, ಬೆಲ್ಟಿನ ಮೇಲೆ ಕೂತವಳು ನೋಡಲಿ, ಎಷ್ಟು ಬಿಸಿಯಾಯಿತು ಎಂಬುದು ಬದಲಾಗುವುದಿಲ್ಲ. ಆದ್ದರಿಂದ ಸರಿಯಾಗಿ ಅರ್ಧ. ನಾಲ್ಕು ಸಾಲಿನಲ್ಲಿ ಮುಗಿಯಿತು, ಘರ್ಷಣಾಂಕದ ಹೆಸರನ್ನೂ ಎತ್ತಬೇಕಾಗಲಿಲ್ಲ.

ಕೆಪಾಸಿಟರ್ ಬಗ್ಗೆ: ಹೌದು, ಒಂದೇ ಗುಂಪಿನವು. ರೆಸಿಸ್ಟರ್ ದೊಡ್ಡದಾದರೆ ಕರೆಂಟ್ ಕಡಿಮೆ, ಹೊತ್ತು ಜಾಸ್ತಿ. ಬ್ಯಾಟರಿ ಬೆಲ್ಟಿನ ಹಾಗೆ, ತನ್ನ ಪೂರಾ ವೋಲ್ಟೇಜನ್ನು ಮೊದಲ ಕ್ಷಣದಿಂದಲೇ ಹಿಡಿದು ನಿಂತಿರುತ್ತದೆ. ಕೆಪಾಸಿಟರ್ ಸೊನ್ನೆಯಿಂದ ಮೇಲೆ ಬರಬೇಕು. ಇಬ್ಬರ ನಡುವಿನ ಅಂತರವೇ ಬಿಸಿಯಾಗುತ್ತದೆ.

ಇಲ್ಲಿಗೆ ನಿಲ್ಲಿಸಬೇಡ. ಮರಳನ್ನು ಮೊದಲು 1.5 ಮೀಟರ್ ವೇಗದ ಬೆಲ್ಟಿಗೆ ಹಾಕು. ಅದು ಆ ವೇಗಕ್ಕೆ ಬಂದ ಮೇಲೆ 3 ಮೀಟರ್ ವೇಗದ ಬೆಲ್ಟಿಗೆ ಹಾಕು. ಈಗ ಎಷ್ಟು ವಾಟ್ ನಷ್ಟ? ಮೂರು ಬೆಲ್ಟ್ ಆದರೆ? ನೀನೇ ಮಾಡು, ಉತ್ತರ ನಾನು ಬರೆಯುವುದಿಲ್ಲ. ಇದನ್ನೇ ಕೆಪಾಸಿಟರಿಗೂ ಮಾಡು. ಆಮೇಲೆ ನಿನ್ನ ಥರ್ಮೋಡೈನಮಿಕ್ಸ್ ನೋಟ್ಸಿನಲ್ಲಿ ರಿವರ್ಸಿಬಲ್ ಪ್ರೋಸೆಸ್ (ನಷ್ಟವಿಲ್ಲದೆ ಹಿಂದಕ್ಕೂ ತಿರುಗಿಸಬಹುದಾದ ಕ್ರಿಯೆ) ಎಂಬ ಪಾಠ ತೆಗೆದು ಮತ್ತೆ ಓದು. "ತುಂಬಾ ನಿಧಾನವಾಗಿ, ಸಣ್ಣ ಸಣ್ಣ ಹೆಜ್ಜೆಯಲ್ಲಿ" ಅಂತ ಯಾಕೆ ಬರೆದಿದ್ದಾರೆ ಎಂದು ಗೊತ್ತಾಗುತ್ತದೆ.

ಈಗ ನಿನ್ನ ನಿಧಾನದ ಪ್ರಶ್ನೆ. ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡಿಯೇ ನನ್ನ ತಲೆ ಹಣ್ಣಾಗಿದ್ದು. ಈ ಬೆಲ್ಟಿನ ಲೆಕ್ಕವನ್ನು ಎಷ್ಟೋ ಬ್ಯಾಚಿಗೆ ಕೊಟ್ಟಿದ್ದೇನೆ. ಹೆಚ್ಚಿನ ಮಕ್ಕಳು 18 ವಾಟ್ ಬಂದ ಕೂಡಲೇ ಪುಟ ತಿರುಗಿಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಪರೀಕ್ಷೆ ಕೇಳುವುದು ಅಷ್ಟೇ. ನೀನು 18 ಬಂದ ಮೇಲೂ ಪುಟ ತಿರುಗಿಸಲಿಲ್ಲ. ಉತ್ತರ ಸಿಗದೆ ಸಂಜೆ ಕಳೆಯುವುದು ಬೇರೆ, ಉತ್ತರ ಸಿಕ್ಕ ಮೇಲೆ ಸಂಜೆ ಕಳೆಯುವುದು ಬೇರೆ. ನಿನ್ನದು ಎರಡನೆಯದು. ಅದನ್ನು ನಿಧಾನ ಅಂತ ಕರೆಯಬೇಡ.

ಕನ್ನಡದಲ್ಲಿ ಹೇಳಿಕೊಂಡು ಮಾಡುವುದನ್ನೂ ಬಿಡಬೇಡ. ಲೆಕ್ಕವನ್ನು ತನ್ನ ಮಾತಿನಲ್ಲಿ ಹೇಳಲು ಬಂದವರಿಗೆ ಅರ್ಧ ಲೆಕ್ಕ ಆಗಿರುತ್ತದೆ.


ಪೀಣ್ಯ ಎರಡನೇ ಹಂತ

ನಾನು ಫಿಸಿಕ್ಸ್ ಓದಿದವನಲ್ಲ, ಡಿಪ್ಲೊಮಾ ಮೆಕ್ಯಾನಿಕಲ್. ಕನ್ವೇಯರ್ ಮಾಡುವ ಕಡೆ ಕೆಲಸ. ತಂಗಿ, ನಿನ್ನ ಆ ಇನ್ನರ್ಧ ಎಲ್ಲಿಗೆ ಹೋಗುತ್ತದೆ ಅಂತ ನಾವು ದಿನಾ ನೋಡುತ್ತೇವೆ. ಅದು ಬೆಲ್ಟಿನ ರಬ್ಬರ್ ಸವೆಸುತ್ತದೆ. ಮಾಲು ಬೀಳುವ ಜಾಗದಲ್ಲಿ ಜಾರಿಕೆ ಇರುತ್ತದಲ್ಲ, ಮೇಲಿನ ಪದರ ಹಾಳಾಗುವುದಕ್ಕೆ ಅದೊಂದು ದೊಡ್ಡ ಕಾರಣ.

ಅದಕ್ಕೇ ಒಳ್ಳೆಯ ಡಿಸೈನಿನಲ್ಲಿ ಮಾಲನ್ನು ನೇರವಾಗಿ ಕೆಳಕ್ಕೆ ಬಿಡುವುದಿಲ್ಲ. ಮಾಲು ಇಳಿದು ಬರುವ ದಾರಿಯನ್ನು, ಅಂದರೆ ಷೂಟ್ ಅನ್ನು, ಓರೆಯಾಗಿ, ಬಗ್ಗಿಸಿ ಮಾಡುತ್ತೇವೆ. ಮಾಲು ಬೆಲ್ಟ್ ಓಡುವ ದಿಕ್ಕಿಗೇ ಸ್ವಲ್ಪ ವೇಗದಿಂದ ಬಂದು ಕೂರಬೇಕು. ನಿನ್ನ ಲೆಕ್ಕದಲ್ಲೇ ಹೇಳುವುದಾದರೆ ಮರಳು 1.5 ಮೀಟರ್ ವೇಗದಿಂದ ಮುಂದಕ್ಕೆ ಬಂದು ಬೀಳಲಿ. ಬಲ 6ರ ಬದಲು 3 ನ್ಯೂಟನ್. ಪವರ್ 18ರ ಬದಲು 9 ವಾಟ್. ಜಾರಿಕೆಯಲ್ಲಿ ಹೋಗುವುದು 9 ಅಲ್ಲ, 2.25 ವಾಟ್. ವೇಗದ ವ್ಯತ್ಯಾಸ ಅರ್ಧ ಆದರೆ ನಷ್ಟ ಕಾಲು ಭಾಗ ಆಗುತ್ತದೆ. ಮೊದಲಿನ 1.5 ಮೀಟರ್ ವೇಗವನ್ನು ಪುಕ್ಕಟೆಯಾಗಿ ಭೂಮಿಯೇ ಕೊಡುತ್ತದೆ, ಮಾಲು ಹೇಗೂ ಮೇಲಿಂದ ಇಳಿಯುತ್ತಿದೆಯಲ್ಲ.

ಮೋಟರ್ ಆರಿಸುವಾಗ ಮಾಲಿಗೆ ವೇಗ ಕೊಡುವುದಕ್ಕೆ ಅಂತ ಒಂದು ಲೆಕ್ಕ ಸೇರಿಸುತ್ತೇವೆ. ಉದ್ದದ ಬೆಲ್ಟಿನಲ್ಲಿ ಅದು ಚಿಕ್ಕದು, ರೋಲರುಗಳ ಎಳೆತ ಮತ್ತು ಏರು ಇದ್ದರೆ ಎತ್ತುವ ಕೆಲಸವೇ ಜಾಸ್ತಿ. ಗಿಡ್ಡ, ವೇಗದ ಬೆಲ್ಟಿನಲ್ಲಿ ಇದೇ ಮುಖ್ಯ ಆಗುತ್ತದೆ. ನಿನ್ನ ಮಾವನಿಗೆ ಕೇಳು, ಷೂಟಿನ ಕೆಳಗಿನ ಬೆಲ್ಟ್ ಹೇಗೆ ಸವೆದಿರುತ್ತದೆ ಅಂತ ತೋರಿಸುತ್ತಾರೆ.

ಯಾವ ವಿಷಯ ತಗೋಬೇಕು ಅನ್ನುವುದು ನನಗೆ ಹೇಳಲು ಬರುವುದಿಲ್ಲ. ಆದರೆ ಪುಸ್ತಕದ ಲೆಕ್ಕ ನೋಡಿ ಕ್ರಷರ್ ನೆನಪಿಗೆ ಬಂತಲ್ಲ, ಅದು ಒಳ್ಳೆಯದು.


ಎಪ್ಸಿಲಾನ್

ಎಂ.ಎಸ್ಸಿ. ಮ್ಯಾಥ್ಸ್, ಜ್ಞಾನಭಾರತಿ. ಮ್ಯಾಥ್ಸ್ ಪರವಾಗಿ ಯಾರಾದರೂ ಮಾತಾಡಬೇಕಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮೇಷ್ಟ್ರ ಮೊದಲ ದಾರಿಯಲ್ಲಿ ಘರ್ಷಣೆಯ ಬಲ ಸ್ಥಿರ ಅಂತ ಇಟ್ಟುಕೊಂಡಿದ್ದಾರೆ. ನಿಜವಾದ ಮರಳು ಹಾಗಿರಲ್ಲ. ಕಾಳು ಉರುಳುತ್ತೆ, ಒಂದಕ್ಕೊಂದು ತಾಗುತ್ತೆ, ಬಲ ಕ್ಷಣಕ್ಕೊಂದು ಥರ ಇರುತ್ತೆ. ಆಗಲೂ ಅರ್ಧವೇನಾ? ಹೌದು, ಅದನ್ನು ತೋರಿಸಬಹುದು. ಬಲ ಸಮಯದ ಜೊತೆ ಹೇಗೆ ಬೇಕಾದರೂ ಬದಲಾಗಲಿ. ಅದನ್ನು ಸಮಯದ ಮೇಲೆ ಇಂಟಿಗ್ರೇಟ್ ಮಾಡಿದರೆ ಸಿಗುವುದು ಸಂವೇಗದ (ರಾಶಿ ಗುಣಿಸು ವೇಗ) ಬದಲಾವಣೆ, ಅಂದರೆ ಎಂ ವಿ. ಬೆಲ್ಟಿನ ವೇಗ ಸ್ಥಿರ, ಹಾಗಾಗಿ ಬೆಲ್ಟ್ ಮಾಡಿದ ಕೆಲಸದ ಇಂಟಿಗ್ರಲ್‌ನಿಂದ ವಿ ಹೊರಗೆ ಬರುತ್ತೆ. ಉಳಿಯುವುದು ವಿ ಗುಣಿಸು ಎಂ ವಿ, ಅಂದರೆ ಎಂ ವಿ ಸ್ಕ್ವೇರ್. ಮರಳಿಗೆ ಸಿಕ್ಕಿದ್ದು ಅದರ ಅರ್ಧ. ಘರ್ಷಣೆಯ ನಿಯಮ ಯಾವುದು ಅಂತ ಗೊತ್ತಿರುವ ಅಗತ್ಯವೇ ಇಲ್ಲ. ಬೇಕಾಗಿರುವುದು ಎರಡೇ: ಬೆಲ್ಟಿನ ವೇಗ ಬದಲಾಗಬಾರದು, ಕೊನೆಗೆ ಮರಳು ಅದೇ ವೇಗಕ್ಕೆ ಬರಬೇಕು.

ನನಗೆ ಸಮಾಧಾನ ಕೊಡುವುದು ಇದು. 0.5 ಹಾಕಿ ನೋಡಿದೆ, 0.25 ಹಾಕಿ ನೋಡಿದೆ, ಎರಡರಲ್ಲೂ ಬಂತು ಅಂದರೆ ನನಗೆ ಸಾಕಾಗಲ್ಲ. ಎಲ್ಲ ಸಂದರ್ಭಕ್ಕೂ ಬರುತ್ತೆ ಅಂತ ಗೊತ್ತಾಗಬೇಕು, ಯಾವ ಷರತ್ತು ತೆಗೆದರೆ ಬರಲ್ಲ ಅಂತಲೂ ಗೊತ್ತಾಗಬೇಕು. ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಮೇಲಿನ ಪ್ಯಾರಾ ಓದಿದಾಗ ಇಷ್ಟವಾಯಿತಾ, ಅಥವಾ ಪೀಣ್ಯದ ಅಣ್ಣ ಬರೆದ ರಬ್ಬರ್ ಸವೆತ ಓದಿದಾಗ ಇಷ್ಟವಾಯಿತಾ? ನನಗೆ ಮೊದಲನೆಯದು, ಅದಕ್ಕೇ ನಾನು ಇಲ್ಲಿದ್ದೇನೆ.

ಅಂಕದ ವಿಷಯ. ಮೊದಲ ಎರಡು ವರ್ಷದ ಮ್ಯಾಥ್ಸ್ ಬಹುಪಾಲು ಲೆಕ್ಕ ಮಾಡುವ ಮ್ಯಾಥ್ಸ್. ವಿಧಾನ ಗೊತ್ತಿದ್ದರೆ ಅಂಕ ಬರುತ್ತೆ. ಮುಂದೆ ರಿಯಲ್ ಅನಾಲಿಸಿಸ್, ಆಲ್ಜೀಬ್ರ ಬಂದಾಗ ಅದು ಸಾಧಿಸಿ ತೋರಿಸುವ ಮ್ಯಾಥ್ಸ್ ಆಗುತ್ತೆ. ಅಲ್ಲೂ ಒಂದೊಂದು ಪ್ರಶ್ನೆಗೆ ಒಂದು ಸಂಜೆ ಬೇಕು. ಈಗ ಟೈಮ್ ಉಳಿಯುತ್ತೆ ಅನ್ನೋ ಕಾರಣಕ್ಕೆ ಮ್ಯಾಥ್ಸ್ ತಗೋಬೇಡಿ, ಆ ಕಾರಣ ಐದನೇ ಸೆಮಿಸ್ಟರಿನಲ್ಲಿ ಇರಲ್ಲ. ಸಾಧನೆಗಳು ಇಷ್ಟವಾದರೆ ಖಂಡಿತ ತಗೊಳ್ಳಿ.

ಇನ್ನೊಂದು ಮಾತು. ಫಿಸಿಕ್ಸ್ ತಗೊಂಡರೂ ಲೀನಿಯರ್ ಆಲ್ಜೀಬ್ರ ಮತ್ತು ಡಿಫರೆನ್ಶಿಯಲ್ ಈಕ್ವೇಶನ್ ಬಿಡಬೇಡಿ. ಕ್ವಾಂಟಮ್ ಮೆಕ್ಯಾನಿಕ್ಸ್ ಶುರುವಾದ ದಿನವೇ ವೆಕ್ಟರ್ ಸ್ಪೇಸ್ ಬರುತ್ತೆ.


ಸುಂಕದಕಟ್ಟೆ ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೆಲ್ಟಿನ ಮೇಲೆ ಕೂತು ನೋಡುವುದನ್ನು ಓದಿ ಎದ್ದು ನಿಂತುಬಿಟ್ಟೆ. ಅಮ್ಮನಿಗೂ ಹೇಳಿದೆ. ಅವರು ಕೇಳಿ, "ಹಂಗಾದ್ರೆ ಮರಳಿಗೆ ಗೊತ್ತಾಗಲ್ವಾ ತಾನು ಓಡ್ತಿದೀನೋ ನಿಂತಿದೀನೋ ಅಂತ?" ಅಂದರು. ಅದಕ್ಕೆ ಉತ್ತರ ಹೇಳುತ್ತಾ ಊಟ ತಣ್ಣಗಾಯಿತು.

ಮೇಷ್ಟ್ರೇ, ಎರಡು ಬೆಲ್ಟ್ ಮಾಡಿದೆ. ಪ್ರತಿ ಬೆಲ್ಟಿನಲ್ಲೂ ವೇಗದ ವ್ಯತ್ಯಾಸ 1.5, ನಷ್ಟ 2.25 ವಾಟ್. ಎರಡೂ ಸೇರಿ 4.5. ಮೂರು ಬೆಲ್ಟ್ ಆದರೆ ಒಟ್ಟು 3 ವಾಟ್. ಅಂದರೆ 9 ಭಾಗಿಸು ಬೆಲ್ಟಿನ ಸಂಖ್ಯೆ. ಬೆಲ್ಟ್ ಜಾಸ್ತಿ ಆದಷ್ಟೂ ನಷ್ಟ ಸೊನ್ನೆಯ ಹತ್ತಿರ ಹೋಗುತ್ತದೆ. ರಿವರ್ಸಿಬಲ್ ಪಾಠವನ್ನು ಇಷ್ಟು ದಿನ ಬಾಯಿಪಾಠ ಮಾಡಿದ್ದೆ. ಈಗ ಅದರಲ್ಲಿ ಮರಳು ಕಾಣಿಸುತ್ತಿದೆ.

ಎಪ್ಸಿಲಾನ್ ಅವರೇ, ನಿಮ್ಮ ಸಾಧನೆ ತುಂಬಾ ಚೆನ್ನಾಗಿತ್ತು. ಓದಿದ ಮೇಲೆ ನನ್ನ ತಲೆಗೆ ಬಂದ ಪ್ರಶ್ನೆ ಮಾತ್ರ ಬೇರೆ: ಹಾಗಾದರೆ ಕೆಪಾಸಿಟರನ್ನು ನಿಜವಾಗಿ ಎರಡು ಹೆಜ್ಜೆಯಲ್ಲಿ ಚಾರ್ಜ್ ಮಾಡಿದರೆ ಬಿಸಿ ನಿಜವಾಗಿ ಅರ್ಧ ಆಗುತ್ತದಾ? ಲ್ಯಾಬ್ ಅಟೆಂಡರ್ ಅವರನ್ನು ಕೇಳಿದ್ದೇನೆ. ಪ್ರಾಕ್ಟಿಕಲ್ ಮುಗಿದ ಮೇಲೆ ಸ್ವಲ್ಪ ಹೊತ್ತು ಬಿಡುತ್ತೀನಿ ಅಂದಿದ್ದಾರೆ.


ಬೆಳ್ಳಂದೂರು ಚಿಪ್

ಚಿಪ್ ಡಿಸೈನ್ ಕೆಲಸ. ಬಿ.ಎಸ್ಸಿ. ಫಿಸಿಕ್ಸ್, ಆಮೇಲೆ ಎಂ.ಎಸ್ಸಿ. ಎಲೆಕ್ಟ್ರಾನಿಕ್ಸ್. ಅಮ್ಮನ ಮಾತಿಗೆ ಉತ್ತರವಾಗಿ ಬರೆಯುತ್ತಿದ್ದೇನೆ.

ನಿಮ್ಮ ಫೋನ್ ಬಿಸಿಯಾಗುವುದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಈ ಕೆಪಾಸಿಟರ್ ಲೆಕ್ಕವೇ. ಚಿಪ್ಪಿನ ಒಳಗೆ ಒಂದೊಂದು ಗೇಟೂ ಒಂದು ಪುಟ್ಟ ಕೆಪಾಸಿಟರನ್ನು ತುಂಬುತ್ತದೆ, ಖಾಲಿ ಮಾಡುತ್ತದೆ. ತುಂಬುವಾಗ ಅರ್ಧ ಹೋಯಿತು, ಖಾಲಿ ಮಾಡುವಾಗ ಉಳಿದರ್ಧ. ಟ್ರಾನ್ಸಿಸ್ಟರಿನ ರೆಸಿಸ್ಟೆನ್ಸ್ ಕಡಿಮೆ ಮಾಡಿ ಇದನ್ನು ತಪ್ಪಿಸಲು ಆಗಲ್ಲ, ಯಾಕೆ ಅಂತ ನಿಮಗೆ ಈಗ ಗೊತ್ತು. ವೋಲ್ಟೇಜ್ ಕಡಿಮೆ ಮಾಡಬೇಕು. 1.2 ವೋಲ್ಟಿನಿಂದ 0.9ಕ್ಕೆ ಇಳಿಸಿದರೆ ಈ ಖರ್ಚು ಸುಮಾರು 44 ಪರ್ಸೆಂಟ್ ಕಡಿಮೆ. ವೋಲ್ಟೇಜನ್ನು ಮೆಲ್ಲಗೆ ಏರಿಸಿ ಚಾರ್ಜ್ ಮಾಡುವ ಸರ್ಕ್ಯೂಟುಗಳ ಬಗ್ಗೆ ಸಂಶೋಧನೆಯೂ ನಡೆದಿದೆ, ಅದು ಮೇಷ್ಟ್ರು ಹೇಳಿದ ಹೆಚ್ಚು ಬೆಲ್ಟಿನ ಉಪಾಯ. ತೊಂದರೆ ಏನಂದರೆ ನಿಧಾನ ಆಗುತ್ತೆ.

ಕೆಲಸದ ಬಾಗಿಲುಗಳು: ಎಂ.ಎಸ್ಸಿ. ಫಿಸಿಕ್ಸ್ ಅಥವಾ ಎಲೆಕ್ಟ್ರಾನಿಕ್ಸ್. ಮ್ಯಾಥ್ಸ್ ಓದಿರುವುದರಿಂದ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಎಂಸಿಎ ಕೂಡ ಮಾಡಬಹುದು. ಬಿ.ಎಡ್. ಮಾಡಿ ಹೈಸ್ಕೂಲಿಗೆ ಹೋಗಬಹುದು, ಎಂ.ಎಸ್ಸಿ. ಜೊತೆ ಬಿ.ಎಡ್. ಇದ್ದರೆ ಪಿಯು ಕಾಲೇಜಿಗೆ. ಬರೀ ಮೂರು ವರ್ಷದ ಬಿ.ಎಸ್ಸಿ. ಇಟ್ಟುಕೊಂಡು ಫಿಸಿಕ್ಸಿಗೆ ಸಂಬಂಧಪಟ್ಟ ಒಳ್ಳೆ ಕೆಲಸ ಸಿಗುವುದು ಕಷ್ಟ, ಅದನ್ನು ಅಮ್ಮನಿಗೆ ಈಗಲೇ ಹೇಳಿಬಿಡಿ. ಮ್ಯಾಥ್ಸಿಗೂ ಅದೇ ಮಾತು. ಇನ್ನೆರಡು ವರ್ಷ ಓದಲು ಮನೆಯಲ್ಲಿ ತಯಾರಿ ಇರಬೇಕು.


ಜಕ್ಕೂರು

ಪಿಎಚ್.ಡಿ. ಮಾಡುತ್ತಿದ್ದೇನೆ, ಫಿಸಿಕ್ಸ್. ನಾನೂ ಕನ್ನಡ ಮೀಡಿಯಮ್ಮಿನಿಂದ ಬಂದವಳು.

ತಂಗಿ, ನೀನು ಬೆಂಗಳೂರಿನಲ್ಲಿದ್ದೀಯ ಅನ್ನುವುದನ್ನು ಮರೆಯಬೇಡ. ಬೇರೆ ಊರಿನ ಮಕ್ಕಳಿಗೆ ಇದು ಸಿಗಲ್ಲ. ಟಾಟಾ ಇನ್‌ಸ್ಟಿಟ್ಯೂಟ್ (ಭಾರತೀಯ ವಿಜ್ಞಾನ ಸಂಸ್ಥೆ) ಯಶವಂತಪುರದ ಹತ್ತಿರ, ಸಿ. ವಿ. ರಾಮನ್ 1948ರಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆ ಸದಾಶಿವನಗರದಲ್ಲಿ, ಖಗೋಳ ಭೌತಶಾಸ್ತ್ರದ ಸಂಸ್ಥೆ ಕೋರಮಂಗಲದಲ್ಲಿ, ಸೈದ್ಧಾಂತಿಕ ವಿಜ್ಞಾನದ ಕೇಂದ್ರ ಐಸಿಟಿಎಸ್ ಹೆಸರಘಟ್ಟ ಕಡೆ. ಬಹಳಷ್ಟು ಉಪನ್ಯಾಸಗಳಿಗೆ ಯಾರು ಬೇಕಾದರೂ ಹೋಗಬಹುದು. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವರ್ಷಕ್ಕೊಮ್ಮೆ ಓಪನ್ ಡೇ ಇರುತ್ತದೆ, ಲ್ಯಾಬುಗಳ ಒಳಗೇ ಬಿಡುತ್ತಾರೆ.

ನಿನಗೆ ಎಲ್ಲಕ್ಕಿಂತ ಉಪಯೋಗ ಆಗುವುದು ಹೈಗ್ರೌಂಡ್ಸಿನ ತಾರಾಲಯ. ಅಲ್ಲಿ ಡಿಗ್ರಿ ವಿದ್ಯಾರ್ಥಿಗಳಿಗೆ ಅಂತಲೇ ರೀಪ್ ಎಂಬ ತರಗತಿಗಳು ನಡೆಯುತ್ತವೆ, ವಾರದ ಕೊನೆಯಲ್ಲಿ. ಪುಟ ತಿರುಗಿಸದೆ ಒಂದೇ ಲೆಕ್ಕದ ಮುಂದೆ ಕೂರುವ ಇನ್ನೂ ಹತ್ತು ಮಂದಿ ಅಲ್ಲಿ ಸಿಗುತ್ತಾರೆ. ನನಗೆ ಆ ಜೊತೆ ತುಂಬಾ ಮುಖ್ಯವಾಗಿತ್ತು. ಒಬ್ಬಳೇ ಇದ್ದರೆ "ನನಗೆ ಮಾತ್ರ ಅರ್ಥ ಆಗ್ತಿಲ್ಲ" ಅನ್ನಿಸುತ್ತದೆ.

ಪರೀಕ್ಷೆ: ಬಿ.ಎಸ್ಸಿ. ಆದ ಮೇಲೆ ಜಾಮ್ ಬರೆದರೆ ಐಐಟಿಗಳ ಎಂ.ಎಸ್ಸಿ.ಗೂ, ಟಾಟಾ ಇನ್‌ಸ್ಟಿಟ್ಯೂಟಿನ ಇಂಟಿಗ್ರೇಟೆಡ್ ಪಿಎಚ್.ಡಿ.ಗೂ ದಾರಿ ಇದೆ. 3 ಗಂಟೆ, 60 ಪ್ರಶ್ನೆ, 100 ಅಂಕ. ಜೆಸ್ಟ್ ಅಂತ ಇನ್ನೊಂದಿದೆ. ಇಲ್ಲಿ ವೇಗ ಬೇಕು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ವೇಗ ಅಭ್ಯಾಸದಿಂದ ಬರುತ್ತದೆ. ಹಳೆಯ ಪ್ರಶ್ನೆಪತ್ರಿಕೆ ತಗೊಂಡು ಗಡಿಯಾರ ಇಟ್ಟುಕೊಂಡು ಕೂರುವುದು ಒಂದು ಕೆಲಸ, ಒಂದು ಲೆಕ್ಕದ ಜೊತೆ ಸಂಜೆ ಪೂರ್ತಿ ಇರುವುದು ಇನ್ನೊಂದು ಕೆಲಸ. ವಾರದಲ್ಲಿ ಎರಡಕ್ಕೂ ದಿನ ಕೊಡು, ಒಂದರ ದಿನದಲ್ಲಿ ಇನ್ನೊಂದನ್ನು ಮಾಡಬೇಡ.


ಬಸವನಗುಡಿ ನಿವೃತ್ತ ಮೇಷ್ಟ್ರು

ಜಕ್ಕೂರಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಉಪನ್ಯಾಸಗಳು ನಡೆಯುತ್ತವೆ. ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಶುರು ಮಾಡಿದ್ದು. ಅವರೂ ಫಿಸಿಕ್ಸ್ ಮೇಷ್ಟ್ರೇ, ಗೌರಿಬಿದನೂರು ಕಡೆಯ ಹಳ್ಳಿಯಿಂದ ಬಂದವರು. ಸುಂಕದಕಟ್ಟೆಯಿಂದ ದೂರ ಆಗುತ್ತದೆ, ಆದರೂ ಒಮ್ಮೆ ಬಾಮ್ಮ.


ಸುಂಕದಕಟ್ಟೆ ಹುಡುಗಿ

ಲ್ಯಾಬಿನಲ್ಲಿ ಮಾಡಿದೆ. 1000 ಮೈಕ್ರೋಫ್ಯಾರಡ್ ಕೆಪಾಸಿಟರ್, 10 ಕಿಲೋ ಓಮ್ ರೆಸಿಸ್ಟರ್, 10 ವೋಲ್ಟ್. ರೆಸಿಸ್ಟರಿನ ಮೇಲಿನ ವೋಲ್ಟೇಜನ್ನು ಪ್ರತಿ 5 ಸೆಕೆಂಡಿಗೆ ಬರೆದುಕೊಂಡೆ. ಗೆಳತಿ ಸ್ಟಾಪ್‌ವಾಚ್ ಹಿಡಿದಿದ್ದಳು. ವೋಲ್ಟೇಜಿನ ವರ್ಗವನ್ನು ಓಮ್‌ನಿಂದ ಭಾಗಿಸಿ, ಗ್ರಾಫ್ ಹಾಕಿ, ಕೆಳಗಿನ ವಿಸ್ತೀರ್ಣವನ್ನು ಟ್ರೆಪಿಜಾಯ್ಡ್‌ಗಳಾಗಿ (ತ್ರಾಪಿಜ್ಯ) ಕೂಡಿಸಿದೆ. ಅದು ಬಿಸಿಯಾದ ಶಕ್ತಿ.

ಒಂದೇ ಸಲಕ್ಕೆ 10 ವೋಲ್ಟ್: 54 ಮಿಲಿಜೂಲ್. ಮೊದಲು 5 ವೋಲ್ಟ್ ಕೊಟ್ಟು, ಒಂದು ನಿಮಿಷ ಬಿಟ್ಟು, ಆಮೇಲೆ 10ಕ್ಕೆ ಏರಿಸಿದಾಗ ಎರಡೂ ಸೇರಿ 27 ಮಿಲಿಜೂಲ್. ಸರಿಯಾಗಿ ಅರ್ಧ! ಗೆಳತಿ ನಂಬಲಿಲ್ಲ, ಅವಳೇ ಮತ್ತೆ ಕೂಡಿಸಿ ನೋಡಿದಳು.

ಆದರೆ ಲೆಕ್ಕದ ಪ್ರಕಾರ 50 ಮತ್ತು 25 ಬರಬೇಕು. ಎರಡೂ 8 ಪರ್ಸೆಂಟ್ ಜಾಸ್ತಿ ಬಂದಿವೆ. ಕೆಪಾಸಿಟರೇ 1000ಕ್ಕಿಂತ ದೊಡ್ಡದಿದೆಯಾ?

ಫಾರಂ ತುಂಬಿದ್ದೇನೆ. ಮುಖ್ಯ ವಿಷಯ ಫಿಸಿಕ್ಸ್, ಮ್ಯಾಥ್ಸಿನಿಂದ ಲೀನಿಯರ್ ಆಲ್ಜೀಬ್ರ. ಎಂ.ಎಸ್ಸಿ. ತನಕ ಓದಬೇಕಾಗುತ್ತದೆ ಅಂತ ಅಮ್ಮನಿಗೆ ಹೇಳಿದೆ. ಸಂಜೆ ಟ್ಯೂಷನ್ ಹೇಳಿಕೊಟ್ಟು ನನ್ನ ಖರ್ಚು ನಾನು ನೋಡಿಕೊಳ್ಳುತ್ತೇನೆ ಅಂದೆ, ಒಪ್ಪಿದರು.


ಎಪ್ಸಿಲಾನ್

ಆ 8 ಪರ್ಸೆಂಟ್ ನನ್ನ ಕಡೆಯದು, ಅಂದರೆ ಮ್ಯಾಥ್ಸಿನದು! ನಿಮ್ಮ ಪವರ್ ಗ್ರಾಫ್ 5 ಸೆಕೆಂಡ್ ಟೈಮ್ ಕಾನ್ಸ್ಟೆಂಟ್‌ನಲ್ಲಿ (ಸುಮಾರು 37 ಪರ್ಸೆಂಟಿಗೆ ಇಳಿಯಲು ಬೇಕಾದ ಹೊತ್ತು) ಇಳಿಯುತ್ತೆ. ವೋಲ್ಟೇಜಿನದ್ದು 10 ಸೆಕೆಂಡ್, ವರ್ಗ ಮಾಡಿದಾಗ ಅರ್ಧ ಆಗುತ್ತೆ. ಅಷ್ಟು ಕಡಿದಾಗಿ ಇಳಿಯುವ, ಒಳಕ್ಕೆ ಬಾಗಿದ ರೇಖೆಗೆ 5 ಸೆಕೆಂಡಿನ ಟ್ರೆಪಿಜಾಯ್ಡ್ ಹಾಕಿದರೆ ಪ್ರತಿ ತುಂಡಿನ ಮೇಲಂಚೂ ರೇಖೆಗಿಂತ ಮೇಲಿರುತ್ತೆ. ಕೂಡಿಸಿದರೆ ಸುಮಾರು 8 ಪರ್ಸೆಂಟ್ ಜಾಸ್ತಿ. ಎರಡು ಪ್ರಯೋಗದಲ್ಲೂ ರೇಖೆಯ ಆಕಾರ ಒಂದೇ, ಅದಕ್ಕೇ ಅನುಪಾತ ಕೆಡಲಿಲ್ಲ. 1 ಸೆಕೆಂಡಿಗೊಮ್ಮೆ ಓದಿದರೆ ಈ ವ್ಯತ್ಯಾಸ ಅರ್ಧ ಪರ್ಸೆಂಟಿಗಿಂತ ಕಡಿಮೆಯಾಗುತ್ತೆ.


ಬಸವನಗುಡಿ ನಿವೃತ್ತ ಮೇಷ್ಟ್ರು

ಅವರು ಹೇಳಿದ್ದು ಸರಿ ಇರಬಹುದು. ಆದರೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು 20 ಪರ್ಸೆಂಟ್ ಹೆಚ್ಚು ಕಡಿಮೆ ಇರುವುದು ಮಾಮೂಲು. ಎರಡರಲ್ಲಿ ಯಾವುದು ಅಂತ ನಿನ್ನ ಹತ್ತಿರ ಈಗಾಗಲೇ ಇರುವ ರೀಡಿಂಗಿನಲ್ಲೇ ಇದೆ. ಒಂದೇ ಸಲಕ್ಕೆ 10 ವೋಲ್ಟ್ ಕೊಟ್ಟಾಗ, ರೆಸಿಸ್ಟರಿನ ಮೇಲಿನ ವೋಲ್ಟೇಜ್ 10ರಿಂದ 3.7ಕ್ಕೆ ಇಳಿಯಲು ಎಷ್ಟು ಸೆಕೆಂಡ್ ಆಯಿತು ನೋಡು. 10 ಸೆಕೆಂಡ್ ಆಗಿದ್ದರೆ ಕೆಪಾಸಿಟರ್ ಸರಿ ಇದೆ, ತಪ್ಪು ಟ್ರೆಪಿಜಾಯ್ಡಿನದು. 11ರ ಹತ್ತಿರ ಇದ್ದರೆ ಕೆಪಾಸಿಟರನ್ನು ಅನುಮಾನಿಸು. ರೆಸಿಸ್ಟರನ್ನೂ ಮಲ್ಟಿಮೀಟರಿನಲ್ಲಿ ಅಳೆದುಕೋ, ಅದರ ಮೇಲೆ ಬರೆದಿದ್ದನ್ನು ನಂಬಬೇಡ. ಮುಂದಿನ ಸಲ ಫೋನಿನಲ್ಲಿ ಮೀಟರ್ ಮತ್ತು ಸ್ಟಾಪ್‌ವಾಚ್ ಎರಡೂ ಕಾಣುವ ಹಾಗೆ ವಿಡಿಯೊ ತೆಗೆದು, ಆಮೇಲೆ ನಿಲ್ಲಿಸಿ ನಿಲ್ಲಿಸಿ ಓದು. ನಾಲ್ಕು ಹೆಜ್ಜೆಯಲ್ಲೂ ಚಾರ್ಜ್ ಮಾಡಿ ಏನು ಬಂತು ಅಂತ ಇಲ್ಲೇ ಬರಿ.